ಕುತ್ತಿಗೆ ಮುಚ್ಚುವಷ್ಟು ಮಣ್ಣು

ಈ ವಾರ ಕ್ರಿಸ್‌ಮಸ್ ಹೊತ್ತಿಗೆ ಕಿಟಕಿಯಲ್ಲಿ ಅರಳಿಸುವ ಡಚ್ ಅಮರಿಲಿಸ್ ಬಗ್ಗೆ ಬರೆಯುವುದಿತ್ತು. ಅಷ್ಟರಲ್ಲಿ ‘ಚಳಿ ಬಂತು, ಗಡ್ಡೆ ಕಿತ್ತು ಒಣಗಿಸಿ’ ಎನ್ನುವ ಪಂಥದವರ ವಾರ್ಷಿಕ ಉಪದೇಶ ಶುರುವಾಗಿದೆ. ಅವರಿಗೊಂದು ಜವಾಬು ಕೊಟ್ಟೇ ಮುಂದೆ ಹೋಗೋಣ. ಟೆಕ್ಸಾಸ್‌ನಿಂದ ಜಾರ್ಜಿಯಾದವರೆಗಿನ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವರ್ಷವರ್ಷವೂ ಅಮರಿಲಿಸ್ ಗಡ್ಡೆ ಕೀಳುವುದು ಅದಕ್ಕೆ ಕೊಡುವ ಕಿರುಕುಳವೆಂದೇ ನನ್ನ ವಾದ. ಇದರ ದಪ್ಪ ಬೇರುಗಳು ವರ್ಷಕ್ಕೊಮ್ಮೆ ಉದುರಿ ಹುಟ್ಟುವಂಥವಲ್ಲ. ಕಿತ್ತಾಗ ಅವು ತುಂಡಾಗುತ್ತವೆ, ಮುಂದಿನ ಬೇಸಿಗೆಯೆಲ್ಲ ಹೊಸ ಬೇರು ಬಿಡುವುದರಲ್ಲೇ ಕಳೆಯುತ್ತದೆ. ಸುಮಾರು ನಾಲ್ಕು ಎಲೆಗೊಂದು ಹೂದಂಡು ಕಟ್ಟುವ ಗಿಡಕ್ಕೆ ಎಲೆ ಸೊರಗಿದರೆ ಹೂವೆಲ್ಲಿಂದ ಬರಬೇಕು?

ಸಾಕ್ಷಿ ಬೇಕೆಂದರೆ ಜಾನ್ಸನ್ ಅಮರಿಲಿಸ್ ಇದೆ. 1799ರಲ್ಲಿ ಇಂಗ್ಲೆಂಡಿನ ಪ್ರೆಸ್ಕಾಟ್ ಊರಿನ ಗಡಿಯಾರದ ಕಸುಬಿನ ಆರ್ಥರ್ ಜಾನ್ಸನ್ ಎರಡು ದಕ್ಷಿಣ ಅಮೆರಿಕದ ಜಾತಿಗಳನ್ನು ಕೂಡಿಸಿ ಬೆಳೆಸಿದ ತಳಿ. ಕಡುಗೆಂಪು ಎಸಳು, ಒಂದೊಂದರ ನಡುವೆ ಒಂದು ಬಿಳಿ ಗೀಟು. ಅಮೆರಿಕದ ಆ ದಕ್ಷಿಣ ರಾಜ್ಯಗಳ ಹಳೇ ಮನೆಗಳ ಅಂಗಳದಲ್ಲಿ ಸೇಂಟ್ ಜೋಸೆಫ್ ಲಿಲಿ ಎಂಬ ಹೆಸರಿನಲ್ಲಿ ಯಾರೂ ಕೀಳದೆಯೇ ತಲೆಮಾರುಗಳಿಂದ ಬಾಳಿದೆ. ಹಿಮ ಬಿದ್ದರೆ ಎಲೆ ಸುಟ್ಟು ನೆಲಕ್ಕೊರಗುತ್ತದೆ, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಕಿಟಕಿಗೆಂದೇ ಹುಟ್ಟಿದ, ಊಟದ ತಟ್ಟೆಯಗಲದ ಹೂವಿನ ಡಚ್ ತಳಿಗಳಿಂದ ಈ ಗಟ್ಟಿತನ ನಿರೀಕ್ಷಿಸಬೇಡಿ. ಅವನ್ನು ಬೆಳೆಸಿದವರು ಹೂವಿನ ಗಾತ್ರ ನೋಡಿದರೇ ಹೊರತು ಚಳಿಯನ್ನಲ್ಲ.

ಕುಂಡದಲ್ಲಿ ಗಡ್ಡೆಯ ಮೇಲ್ಭಾಗ ಮಣ್ಣಿನಿಂದ ಹೊರಗಿರಬೇಕಲ್ಲವೇ ಎಂಬ ತಕರಾರು ಬಂದೇ ಬರುತ್ತದೆ. ಹೌದು, ಕುಂಡದಲ್ಲಿ. ಅಲ್ಲಿ ಕುತ್ತಿಗೆಯಲ್ಲಿ ನೀರು ನಿಂತು ಕೊಳೆಯುವ ಭಯವಿದೆ. ಹೊರಗಿನ ನೆಲದಲ್ಲಿ ಭಯ ಹೆಪ್ಪುಗಟ್ಟುವಿಕೆಯದು: ರಸಭರಿತ ಪದರದೊಳಗೆ ಮಂಜುಗಡ್ಡೆ ಕಟ್ಟಿದರೆ ಕೋಶಗಳು ಒಡೆಯುತ್ತವೆ, ಕರಗಿದ ಮೇಲೆ ಗಡ್ಡೆ ಮುದ್ದೆಯಾಗುತ್ತದೆ. ಆಳಕ್ಕೆ ಹೋದಷ್ಟೂ ಮಣ್ಣು ನಿಧಾನವಾಗಿ ತಣಿಯುತ್ತದೆ. ಆದ್ದರಿಂದ ಕುತ್ತಿಗೆ ಮುಚ್ಚಿ ಅದರ ಮೇಲೂ ನಾಲ್ಕು ಬೆರಳು ಮಣ್ಣಿರಲಿ, ಮೇಲೆ ತರಗೆಲೆಯ ಹೊದಿಕೆ, ಜಾಗ ದಕ್ಷಿಣಕ್ಕೆ ಮುಖಮಾಡಿದ ಗೋಡೆಯ ಬುಡ. ಷಿಕಾಗೊದಂತೆ ನೆಲವೇ ಅಷ್ಟಾಳಕ್ಕೆ ಹೆಪ್ಪುಗಟ್ಟುವ ಊರಾದರೆ ಕೀಳುವವರೇ ಸರಿ, ಒಪ್ಪಿದೆ. ಡಲ್ಲಾಸ್‌ನ ಕನ್ನಡಿಗರಿಗೆ ಮಾತ್ರ ಬೇರೆ ಮಾತು: ನಿಮ್ಮಲ್ಲಿನ ಕಪ್ಪು ಜಿಗುಟು ಮಣ್ಣು ಚಳಿಗಾಲದ ಮಳೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ಮಣ್ಣಿನಲ್ಲಿ ಗಡ್ಡೆ ಹಿಮ ಬೀಳುವ ಮೊದಲೇ ಕೊಳೆಯಬಹುದು. ಮೊದಲು ಗೇಣೆತ್ತರದ ಏರು ಮಡಿ ಮಾಡಿ, ಗೊಬ್ಬರದ ಜೊತೆ ದಪ್ಪ ಮರಳೋ ಸಣ್ಣ ಜಲ್ಲಿಯೋ ಧಾರಾಳವಾಗಿ ಬೆರೆಸಿ, ಆಮೇಲೆ ನೆಡಿ.