ಸಿಸ್ಟರ್ ರೊಸೆಟ್ಟಾ ಥಾರ್ಪ್: ಆಮೆನ್ ಎಂದ ಗಿಟಾರು

ರಾಕ್ ಸಂಗೀತವೆಂದೊಡನೆ ನಿಮ್ಮ ಕಣ್ಣ ಮುಂದೆ ಉದ್ದಗೂದಲಿನ ತರುಣರ ಚಿತ್ರ ಮೂಡಬಹುದು. ಆ ಸಂಗೀತಕ್ಕೆ ಎಲೆಕ್ಟ್ರಿಕ್ ಗಿಟಾರಿನ ನುಡಿಯನ್ನು ಕಲಿಸಿದವರಲ್ಲಿ ಮೊದಲಿಗರೊಬ್ಬರು ಸ್ತುತಿಗೀತೆ ಹಾಡುತ್ತ ಬೆಳೆದ ಕಪ್ಪು ಮಹಿಳೆ ರೊಸೆಟ್ಟಾ ಥಾರ್ಪ್. 'ಸಿಸ್ಟರ್' ಎಂಬುದನ್ನು ಕಂಡು ಕನ್ಯಾಸ್ತ್ರೀಯೆಂದು ಭಾವಿಸಬೇಡಿ; ಅದು ಆಕೆಯ ಪೆಂತೆಕೋಸ್ತ್ ಸಭೆಯಲ್ಲಿ ವಿಶ್ವಾಸಿಗಳು ಪರಸ್ಪರ ಕರೆದುಕೊಳ್ಳುತ್ತಿದ್ದ ರೀತಿ.

1915ರಲ್ಲಿ ಅಮೆರಿಕದ ಅರ್ಕಾನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ ಹುಟ್ಟಿದ ಆಕೆ, ಶುಭಸಂದೇಶ ಸಾರುತ್ತಿದ್ದ ತಾಯಿಯೊಡನೆ ಬಾಲ್ಯದಲ್ಲೇ ಊರೂರು ತಿರುಗಿ ಹಾಡಿದರು. 1938ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ಬಿನ ವೇದಿಕೆಯನ್ನೇರಿದರು. ಅದೇ ವರ್ಷ ಡೆಕ್ಕಾ ಕಂಪನಿಗೆ ಧ್ವನಿಮುದ್ರಿಸಿದ 'ರಾಕ್ ಮಿ' ಮೂಲತಃ ಥಾಮಸ್ ಡಾರ್ಸಿಯವರ ಪ್ರಾರ್ಥನಾಗೀತೆ. ದೇವರ ಮಡಿಲಲ್ಲಿ ಆಸರೆ ಬೇಡುವ ಆ ಗೀತೆ ಮದ್ಯದ ಮೇಜುಗಳ ನಡುವೆ ಬೇರೆಯೇ ಅರ್ಥ ಪಡೆಯಿತು. ಸಭೆಯ ಅನೇಕರು ನೊಂದರು.

ಆ ನೋವನ್ನು ಬರಿಯ ಮಡಿವಂತಿಕೆಯೆಂದು ತಳ್ಳಿಹಾಕುವುದು ಇಂದು ಸುಲಭ. ನಾನು ಹಾಗೆ ಮಾಡಲಾರೆ. ಲಕ್ಕಿ ಮಿಲಿಂಡರ್ ವಾದ್ಯವೃಂದದೊಡನೆ ಆಕೆ ಹಾಡಿದ 'ಟಾಲ್ ಸ್ಕಿನ್ನಿ ಪಾಪಾ'ವನ್ನು ಕೇಳಿ ನೋಡಿ. ಚುರುಕಿದೆ, ತುಂಟತನವಿದೆ, ಆದರೆ ಹಾಡಲೇಬೇಕೆಂಬ ಒಳಗಿನ ಒತ್ತಡವಿಲ್ಲ. ನನ್ನ ಮಟ್ಟಿಗೆ, ಅಲ್ಲಿ ನಷ್ಟವಾದದ್ದು ನೀತಿಗಿಂತ ಹೆಚ್ಚಾಗಿ ಸಂಗೀತಕ್ಕೆ.

1944ರಲ್ಲಿ ಪಿಯಾನೋ ವಾದಕ ಸ್ಯಾಮಿ ಪ್ರೈಸ್ ಅವರ ಸಣ್ಣ ತಂಡದೊಡನೆ ಮುದ್ರಿಸಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ಗೀತೆಯಲ್ಲಿ ಆ ಒತ್ತಡ ಮರಳಿ ಬಂದಿದೆ. ಇಲ್ಲಿ ಗಿಟಾರು ಕೇವಲ ಪಕ್ಕವಾದ್ಯವಲ್ಲ. ಬೋಧಕರ ಮಾತಿಗೆ ಸಭೆ 'ಆಮೆನ್' ಎನ್ನುವಂತೆ ಕಂಠಕ್ಕೆ ತಂತಿ ಓಗೊಡುತ್ತದೆ. 1945ರಲ್ಲಿ ಈ ಭಕ್ತಿಗೀತೆ ಕಪ್ಪು ಜನರ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 2ನೆಯ ಸ್ಥಾನಕ್ಕೇರಿತು. ಮೊದಲ ರಾಕ್ ಅಂಡ್ ರೋಲ್ ಮುದ್ರಿಕೆ ಇದೇ ಎನ್ನುವವರೂ ಇದ್ದಾರೆ. 1947ರಲ್ಲಿ ಮೇಕನ್ ನಗರದಲ್ಲಿ ಹದಿಹರೆಯದ ಲಿಟಲ್ ರಿಚರ್ಡ್‌ನನ್ನು ವೇದಿಕೆಗೆ ಕರೆದು ಹಾಡಿಸಿದವರೂ ಇವರೇ.

ಕೊನೆಯ ವರ್ಷಗಳು ಕಠಿಣವಾಗಿದ್ದವು. ಪಾರ್ಶ್ವವಾಯು ಬಡಿಯಿತು, ಮಧುಮೇಹದಿಂದ ಒಂದು ಕಾಲನ್ನು ಕಳೆದುಕೊಂಡರು. 1973ರಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡ ಆಕೆಯ ಸಮಾಧಿಗೆ ದಶಕಗಳ ಕಾಲ ಹೆಸರಿನ ಕಲ್ಲೂ ಇರಲಿಲ್ಲ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2018ರಲ್ಲಿ. ಎಲ್ವಿಸ್ ಪ್ರೆಸ್ಲಿಗೆ ಆ ಗೌರವ 1986ರಲ್ಲೇ ದೊರೆತಿತ್ತು!

ಅವರನ್ನು ಕೇಳುವುದಷ್ಟೇ ಅಲ್ಲ, ನೋಡಬೇಕೆಂದರೆ 1964ರಲ್ಲಿ ಇಂಗ್ಲೆಂಡಿನ ಗ್ರನಾಡಾ ಟೆಲಿವಿಷನ್ ಚಿತ್ರೀಕರಿಸಿದ ಕಾರ್ಯಕ್ರಮವನ್ನು ಹುಡುಕಿರಿ. ಮ್ಯಾಂಚೆಸ್ಟರಿನ, ಬಳಕೆ ತಪ್ಪಿದ ಒಂದು ರೈಲು ನಿಲ್ದಾಣ. ಒಂದು ಪ್ಲಾಟ್‌ಫಾರ್ಮಿನಲ್ಲಿ ಗಾಯಕರು, ಎದುರಿನದರಲ್ಲಿ ಯುವ ಪ್ರೇಕ್ಷಕರು, ನಡುವೆ ಹಳಿ. ಅಂದು ಮಳೆ ಸುರಿದಿತ್ತು. ಕುದುರೆ ಗಾಡಿಯಿಂದಿಳಿದು ಬಂದ ಸಿಸ್ಟರ್ ರೊಸೆಟ್ಟಾ, ನೋಹನ ಕಾಲದ ಮಳೆಯ ಹಾಡನ್ನೇ ಎತ್ತಿಕೊಂಡರು. ನಡುವೆ ದನಿ ನಿಲ್ಲಿಸಿ ಬಿಳಿ ಗಿಟಾರನ್ನಷ್ಟೇ ನುಡಿಸುತ್ತಾರೆ. ಹಳಿಯಾಚೆಯ ಜನ ಚಪ್ಪಾಳೆಯಲ್ಲಿ ತಾಳ ಹಾಕುತ್ತಾರೆ.