ಅಂತಸ್ತು 34, ಮನೆ 81

ಬೆಂಗಳೂರಿನ ವಿಠಲ ಮಲ್ಯ ರಸ್ತೆಯ ಪಕ್ಕದಲ್ಲಿ ಎದ್ದಿರುವ ಕಿಂಗ್‌ಫಿಷರ್ ಟವರ್ಸ್ ಬಗ್ಗೆ ಪತ್ರಿಕೆಗಳು ಬರೆದದ್ದು ಬಹುಪಾಲು ಅದರ ನೆತ್ತಿಯ ಕತೆ. 34 ಅಂತಸ್ತಿನ ತುದಿಯಲ್ಲಿ, ಅಮೆರಿಕದ ಶ್ವೇತಭವನವನ್ನು ಹೋಲುವ ಸುಮಾರು 40,000 ಚದರ ಅಡಿಯ ಬಂಗಲೆ! ತನಗೆಂದು ಅದನ್ನು ಕಟ್ಟಿಸಹೊರಟ ವಿಜಯ್ ಮಲ್ಯ 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟರು. ಬಂಗಲೆ ಊರಿಗೆಲ್ಲ ಕಾಣುವಂತೆ ಅಲ್ಲೇ ಉಳಿಯಿತು. ನಗಾಡಲು ಒಳ್ಳೆಯ ವಸ್ತುವೇ ಸರಿ. ಆದರೆ ಕಟ್ಟಡದ ಗುಣದೋಷ ತಿಳಿಯಬೇಕಾದರೆ ಅದರ ಬುಡ ನೋಡಬೇಕು.

ನಗರದಲ್ಲಿ ನೆಲ ಮುಗಿಯಿತು, ಇನ್ನು ಮೇಲಕ್ಕೇ ಬೆಳೆಯಬೇಕು ಎಂಬುದು ಗೋಪುರಗಳ ಪರವಾಗಿ ಮೊದಲು ಕೇಳಿಬರುವ ವಾದ. ಲೆಕ್ಕ ಹಾಕೋಣ. ಇಲ್ಲಿರುವುದು ಸುಮಾರು ನಾಲ್ಕೂವರೆ ಎಕರೆ, 81 ಮನೆ. ಒಂದೊಂದೂ 8,000 ಚದರ ಅಡಿಗಿಂತ ದೊಡ್ಡದು. ಎಂದರೆ ಎಕರೆಗೆ 18 ಮನೆ. ಇನ್ನು ಲಗ್ಗೆರೆಯಲ್ಲೋ ಸುಂಕದಕಟ್ಟೆಯಲ್ಲೋ 30×40 ಅಡಿ ಸೈಟುಗಳ ಒಂದು ಬಡಾವಣೆ ತೆಗೆದುಕೊಳ್ಳಿ. ಎಕರೆಗೆ 43,560 ಚದರ ಅಡಿ. ರಸ್ತೆ, ಚರಂಡಿಗೆಂದು ಅರ್ಧಕ್ಕರ್ಧ ಬಿಟ್ಟರೂ 18 ಸೈಟು ಬೀಳುತ್ತವೆ. ಟವರ್ಸ್‌ನಲ್ಲಿ ಎಷ್ಟು ಮನೆಯೋ ಇಲ್ಲಿ ಅಷ್ಟು ಸೈಟು! ಒಂದೊಂದರ ಮೇಲೂ ಮೂರು ಅಂತಸ್ತು, ಅಂತಸ್ತಿಗೊಂದು ಸಂಸಾರ ಎಂದುಕೊಂಡರೆ 54 ಕುಟುಂಬ. ಮುಗಿಲು ಮುಟ್ಟುವ ಕಟ್ಟಡ ಒಂದು ಎಕರೆಯಲ್ಲಿ ಕೂರಿಸಿದ ಸಂಸಾರಗಳ ಮೂರು ಪಟ್ಟನ್ನು ಯಾವ ಆರ್ಕಿಟೆಕ್ಟ್‌ನ ಹಂಗೂ ಇಲ್ಲದ ಗಲ್ಲಿ ಹೊತ್ತಿದೆ.

ಹೊಸದುರ್ಗ ತಾಲ್ಲೂಕಿನ ಮತ್ತೋಡಿನಂಥ ಊರುಗಳಿಂದ ದುಡಿಮೆಗೆ ಬಂದವರಿಗೆ ಬೆಂಗಳೂರು ಜಾಗ ಕೊಡುವುದು ಇಂಥ ಗಲ್ಲಿಗಳಲ್ಲೇ. ಕೆಳಗೆ ಓನರ್, ಮೇಲೆ ಬಾಡಿಗೆಯವರು, ಟೆರೇಸಿನಲ್ಲಿ ಶೀಟು ಹೊದಿಸಿದ ಒಂದು ರೂಮು, ಅದಕ್ಕೆ ಒತ್ತಿಕೊಂಡಂತೆ ಕಪ್ಪು ಸಿಂಟೆಕ್ಸ್ ಟ್ಯಾಂಕು. ಗಾಳಿ ಬೆಳಕು ಸಾಲದು. ಸ್ಕೂಟರ್ ನಿಲ್ಲಿಸುವ ಜಾಗಕ್ಕೂ ಜಗಳ. ಹೊಗಳುವಂಥದ್ದೇನಲ್ಲ. ಆದರೂ ನಗರದ ವಸತಿಯ ಭಾರ ಬಿದ್ದಿರುವುದು ಈ ರೂಮುಗಳ ಮೇಲೆ.

ಟವರ್ಸ್ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಅದು ಎದ್ದದ್ದು ಮಲ್ಯ ಕುಟುಂಬದ ಹಳೆಯ ಬಂಗಲೆಯಿದ್ದ ಜಾಗದಲ್ಲಿ. ಅದಕ್ಕಾಗಿ ಬಡವರ ಸೂರು ಕೆಡವಲಿಲ್ಲ. ಈಜಿಪುರದ ಕತೆ ಬೇರೆ. ಪಾಲಿಕೆಯ ವಸತಿ ಜಾಗದಲ್ಲಿದ್ದ ಸಾವಿರಕ್ಕೂ ಹೆಚ್ಚು ಬಡ ಕುಟುಂಬಗಳು 2013ರ ಜನವರಿಯಲ್ಲಿ ಜೆಸಿಬಿಗಳ ಎದುರು ಬೀದಿಗೆ ಬಿದ್ದವು. ಅಲ್ಲಿ ಹೊಸ ಮನೆಗಳ ಜೊತೆಗೆ ಮಾಲ್ ಕಟ್ಟುವ ಯೋಜನೆಯಿತ್ತು.

ಬೀದಿಗೆ ಬಂದರೆ ಮಾತ್ರ ಟವರ್ಸ್‌ಗೆ ಹೇಳಿಕೊಳ್ಳಲು ಏನೂ ಇಲ್ಲ. ವಿಠಲ ಮಲ್ಯ ರಸ್ತೆ ಟೆಂಡರ್‌ಶ್ಯೂರ್ ಯೋಜನೆಯ ಮೊದಲ ರಸ್ತೆಗಳಲ್ಲೊಂದು. ಕೇಬಲ್, ಪೈಪುಗಳನ್ನೆಲ್ಲ ನೆಲದಡಿಗೆ ಇಳಿಸಿ, ಅಗಲವಾದ ಫುಟ್‌ಪಾತ್ ಹಾಕಿದ್ದು ಸರ್ಕಾರಿ ದುಡ್ಡಿನಲ್ಲಿ. ಅದರ ಪಕ್ಕದಲ್ಲೇ ನಿಂತ ಗೋಪುರ ಆ ಫುಟ್‌ಪಾತಿನಲ್ಲಿ ನಡೆಯುವವರಿಗೆ ಕುಡಿಯಲು ಒಂದು ಲೋಟ ಚಹಾ ಸಿಗುವಷ್ಟು ಜಾಗವನ್ನೂ ತೆರೆದಿಟ್ಟಿಲ್ಲ. ಎಂ.ಜಿ. ರಸ್ತೆಯ 25 ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್ ಬೆಂಗಳೂರಿನ ಮೊದಲ ಗಗನಚುಂಬಿ, 1973ರದ್ದು. ಅಂದಚೆಂದದಲ್ಲಿ ಅದಕ್ಕೆ ಪಾಸ್ ಮಾರ್ಕ್ಸ್ ಕೊಡುವುದೂ ಕಷ್ಟ. ಆದರೆ ಅದು ಸಾರ್ವಜನಿಕರ ಕಟ್ಟಡ. ಕೆಳಗಿನ ಅಂಗಡಿಗಳಿಗೆ ಯಾರು ಬೇಕಾದರೂ ನುಗ್ಗಬಹುದು.

ಈಗ ಶುಲ್ಕ ಕಟ್ಟಿದವರಿಗೆ ಹೆಚ್ಚುವರಿ ಅಂತಸ್ತು ಕೊಡುವ ಪ್ರೀಮಿಯಂ ಎಫ್‌ಎಆರ್‌ಗೆ ರಾಜ್ಯ ಸರ್ಕಾರ ದಾರಿ ಮಾಡಿದೆ. ಇಂಥ ಗೋಪುರಗಳು ಇನ್ನಷ್ಟು ಏಳುತ್ತವೆ. ಎಫ್‌ಎಆರ್ ಎಂದರೆ ಜಾಗದ ವಿಸ್ತೀರ್ಣಕ್ಕೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ. ಅದು ಅಳೆಯುವುದು ಕಟ್ಟಿದ ಚದರ ಅಡಿಯನ್ನು. 8,000 ಚದರ ಅಡಿಯಲ್ಲಿ ಒಂದು ಮನೆ ಮಾಡಿದರೂ ಹತ್ತು ಮನೆ ಮಾಡಿದರೂ ಅದರ ಲೆಕ್ಕದಲ್ಲಿ ಒಂದೇ. ಹೆಚ್ಚುವರಿ ಅಂತಸ್ತು ಕೇಳಿ ಬರುವ ಪ್ರತಿ ನಕ್ಷೆಯಲ್ಲೂ ಎಕರೆಗೆ ಎಷ್ಟು ಮನೆ ಎಂದು ಬರೆಸಿಕೊಳ್ಳುವುದು, ಕನಿಷ್ಠ ಸಂಖ್ಯೆ ಗೊತ್ತುಮಾಡಿ ಅದಕ್ಕಿಂತ ಕಡಿಮೆಯಿದ್ದರೆ ವಾಪಸ್ ಕಳಿಸುವುದು, ಪಾಲಿಕೆಗೆ ದೊಡ್ಡ ಕೆಲಸವೇನಲ್ಲ.