ಬಿರುಕು ಬಿಡುವ ನೆಲಕ್ಕೆ ಆಕ್ವಾಕ್ರಾಪ್ ಲೆಕ್ಕ

ಮಣ್ಣಿನೊಳಗೆ ನೀರು ಹೇಗೆ ಚಲಿಸುತ್ತದೆ ಎಂಬುದನ್ನು ವಿವರಿಸುವ ಸಮೀಕರಣವೊಂದನ್ನು ಅಮೆರಿಕದ ಲೊರೆಂಜೊ ರಿಚರ್ಡ್ಸ್ 1931ರಲ್ಲಿ ಪ್ರಕಟಿಸಿದರು. ಭೌತಶಾಸ್ತ್ರದ ಲೆಕ್ಕದಲ್ಲಿ ಅದು ಇಂದಿಗೂ ಗಟ್ಟಿ. ಆದರೆ ಅದನ್ನು ಬಿಡಿಸಬೇಕಾದರೆ, ಮಣ್ಣು ಒಣಗುತ್ತ ಹೋದಂತೆ ನೀರನ್ನು ಹಿಡಿದಿಡುವ ಮತ್ತು ಸಾಗಿಸುವ ಅದರ ಗುಣ ಹೇಗೆ ಬದಲಾಗುತ್ತದೆಂದು ಪ್ರತಿ ಪದರಕ್ಕೂ ಗೊತ್ತಿರಬೇಕು. ಅಂಥ ಅಳತೆ ನಮ್ಮ ಹೊಲಗಳಲ್ಲಿ ಸಿಗುವುದು ಅಪರೂಪ.

ನೀರಿನ ಲೆಕ್ಕದಿಂದ ಬೆಳೆಯ ಇಳುವರಿ ಅಂದಾಜಿಸುವ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಕ್ವಾಕ್ರಾಪ್ ಮಾದರಿ ಈ ತೊಡಕನ್ನು ಬಲ್ಲದು; ಅದಕ್ಕೇ ಆ ಸಮೀಕರಣವನ್ನು ಬಿಡಿಸದೆ ಸರಳ ಲೆಕ್ಕ ಹಿಡಿಯುತ್ತದೆ. 2009ರಲ್ಲಿ ವಿದ್ವತ್ ಲೋಕದ ಮುಂದೆ ಬಂದ ಇದು ಎಲೆಗಳ ವಿಸ್ತೀರ್ಣ ಅಳೆಯುವ ಬದಲು, ಬೆಳೆಯ ಹಸಿರು ನೆಲವನ್ನು ಎಷ್ಟು ಮುಚ್ಚಿದೆ ಎಂದು ಕೇಳುತ್ತದೆ. ಬರಿ ಮಣ್ಣಿನಿಂದ ಆವಿಯಾಗುವ ನೀರನ್ನೂ ಗಿಡ ಎಲೆಯ ಮೂಲಕ ಬಿಡುವ ನೀರನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಗಿಡದ ಮೂಲಕ ಹಾದ ನೀರಿನಿಂದಲೇ ಅದರ ಒಟ್ಟು ತೂಕವನ್ನು ಅಂದಾಜಿಸಿ, ಅದರಲ್ಲಿ ಕಾಳಿನ ಪಾಲು ತೆಗೆಯುತ್ತದೆ. ಎರಡು ನಷ್ಟಗಳನ್ನು ಬೇರ್ಪಡಿಸಿದ್ದರಿಂದ, ನೆಲಕ್ಕೆ ಹೊದಿಕೆ ಹಾಕಿದರೆ ಎಷ್ಟು ನೀರು ಉಳಿದೀತು ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಸಾಧನೆ.

ಪರೀಕ್ಷೆ ಎದುರಾಗುವುದು ವಿಜಯಪುರದ ಎರೆ ಭೂಮಿಯಲ್ಲಿ. ಅಲ್ಲಿ ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆ ಕಡಿಮೆ. ಮುಂಗಾರಿನ ಕೊನೆಗೆ ನೆಲದಲ್ಲಿ ಉಳಿದ ತೇವವೇ ಬೆಳೆಯ ಬಂಡವಾಳ. ಮೇಲಿನ ಪದರ ತುಂಬಿದ ನಂತರ ನೀರು ಕೆಳಗಿಳಿಯುತ್ತದೆ ಎಂಬುದು ಮಾದರಿಯ ಕ್ರಮ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆ ಮಣ್ಣಿನಲ್ಲಾದರೆ, ಮೊದಲ ದೊಡ್ಡ ಮಳೆಯ ನೀರು ಬಿರುಕಿನಲ್ಲಿ ನೇರ ಆಳಕ್ಕೆ ಧುಮುಕಬಲ್ಲದು. ಮೇಲ್ಮಣ್ಣು ಇನ್ನೂ ಅರೆಒಣಗಿರುವಾಗಲೇ ತಳ ನೆನೆದಿರುತ್ತದೆ. ಮುಂದೆ ಮಣ್ಣು ಉಬ್ಬಿ ಬಿರುಕು ಮುಚ್ಚಿದರೆ ಅದೇ ಹೊಲದ ಗುಣವೇ ಬದಲಾಗುತ್ತದೆ. ಉಬ್ಬದ, ಕುಗ್ಗದ ಮಣ್ಣನ್ನು ನಂಬಿದ ಲೆಕ್ಕ ಇಲ್ಲಿ ಎಡವುವುದು ಸಹಜ. ಒಂದೇ ಹೊಲದ ತಗ್ಗು ದಿಬ್ಬಗಳ ವ್ಯತ್ಯಾಸವೂ ಅದರ ಕಣ್ಣಿಗೆ ಬೀಳದು.

ಹಾಗೆಂದು ಮಾದರಿಯನ್ನು ಪಕ್ಕಕ್ಕಿಡಬೇಕಿಲ್ಲ. ಬಿತ್ತುವ ದಿನದ ತೇವವನ್ನು ಪದರವಾರು ಕೊಡಲು ಅದರಲ್ಲೇ ಅವಕಾಶವಿದೆ. ಮಳೆಯ ದಾಖಲೆಯಿಂದ ಆ ತೇವವನ್ನು ಊಹಿಸದೆ, ನೆಲ ಕೊರೆದು ಮಣ್ಣು ತೆಗೆದು, ಒಣಗಿಸಿ ತೂಗಿ ಅಳೆದರೆ, ಬಿರುಕಿನಿಂದ ಹುಟ್ಟುವ ತಪ್ಪಿನ ಬಹುಪಾಲು ಆರಂಭದಲ್ಲೇ ತಪ್ಪುತ್ತದೆ. ಈ ಅಳತೆಯಿಲ್ಲದೆ ಜಿಲ್ಲೆಗೆ ಜಿಲ್ಲೆಯ ಇಳುವರಿಯನ್ನೇ ಅಂದಾಜಿಸಿ ವಿಮೆಯನ್ನೋ ಪರಿಹಾರವನ್ನೋ ತೀರ್ಮಾನಿಸುವುದು ರೈತರಿಗೆ ಅನ್ಯಾಯ. ಎಂದು ಬಿತ್ತಬೇಕು, ಇರುವ ಒಂದು ನೀರನ್ನು ಯಾವ ಹಂತದಲ್ಲಿ ಕೊಡಬೇಕು ಎಂಬ ಆಯ್ಕೆಗಳನ್ನು ಹೋಲಿಸಿ ನೋಡಲು ಮಾತ್ರ ಆಕ್ವಾಕ್ರಾಪ್‌ನಷ್ಟು ಸರಳವೂ ಪ್ರಾಮಾಣಿಕವೂ ಆದ ಸಾಧನಗಳು ಕಡಿಮೆ. ಅದನ್ನು ಬಳಸುವ ಪ್ರತಿ ಯೋಜನೆಯೂ ಮಣ್ಣಿನ ತೇವ ಅಳೆಯುವ ಖರ್ಚನ್ನು ಮೊದಲ ಸಾಲಿನಲ್ಲೇ ಸೇರಿಸಬೇಕು.